ನಾಲ್ಕು

ಜುಲೈ, ರಾತ್ರಿ ಹನ್ನೊಂದೂಕಾಲು.
ಕೊರೂಷೆ ಊರಾಚೆಯ ಬೆಂಡಿನ ಕಾರ್ಖಾನೆಯಲ್ಲಿ
ನನ್ನ ನೆತ್ತಿಯ ಮೇಲಿನದೊಂದು ಬಿಟ್ಟು ದೀಪವೆಲ್ಲ ಆರಿವೆ.
ಪರದೆಯಲ್ಲಿ ಹದಿನೇಳನೆಯ ಸಲ ಅದೇ ಕೆಂಪು ಸಾಲು:
ಈ ಕೀಲಿ ಈಗಾಗಲೇ ಇದೆ. ದಾಖಲೆ ಸೇರಿಸಲಾಗದು.

ಇದೆ ಅಂದರೆ ಎಲ್ಲಿದೆ, ಯಾವಾಗಿನಿಂದ ಇದೆ?
ಹೇಳುವುದಿಲ್ಲ.
ಅಡ್ಡಗೋಡೆಯ ಮೇಲೆ ದೀಪ ಇಡುವ ವಿದ್ಯೆಯನ್ನು
ನಮ್ಮ ಪುರಸಭೆಯವರೂ ಇಷ್ಟು ಚೆನ್ನಾಗಿ ಕಲಿತಿಲ್ಲ.

ಗ್ರಾಸಿಯೆತ್ ಮೇಡಂ ಮೂರು ಸಲ ಫೋನು ಮಾಡಿದರು:
"ಲೆಯೊಕಾಡಿಯಾ, ಬೆಳಿಗ್ಗೆ ಆರೂವರೆಗೆ ಲಾರಿ.
ತೂಕದ ಚೀಟಿಯಿಲ್ಲದೆ ಒಂದು ಕಟ್ಟೂ ಗೇಟು ದಾಟಕೂಡದು."
ಲಿಸ್ಬನ್ನಿನ ಸಾಫ್ಟ್‌ವೇರ್ ಕಂಪನಿಯ ಹುಡುಗ
ದೂರಿಗೊಂದು ನಂಬರು ಕೊಟ್ಟು, ರೀಸ್ಟಾರ್ಟ್ ಮಾಡಿ ನೋಡಿ ಅಂದ.
ಮಾಡಿದೆ. ಇಂಡೆಕ್ಸ್ ಕೆಡವಿ ಮತ್ತೆ ಕಟ್ಟಿದೆ.
ಡಿಸ್ಕಿನಲ್ಲಿ ಜಾಗವಿದೆ. ಯಾರೂ ಟೇಬಲ್ಲಿಗೆ ಬೀಗ ಜಡಿದು ಕೂತಿಲ್ಲ.
ಲಾಗ್ ಫೈಲನ್ನು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ
ಬೆರಳಾಡಿಸುತ್ತ ಓದಿದೆ.

ಎರಡು ಗಂಟೆಗೆ ಸಿಕ್ಕಿತು ಕಲ್ಲು.
ನಾನು ಸೇರಿಸಹೊರಟದ್ದು: ಫ್ರೈಶಿಯಾಲ್ ತೋಟ, ಮೂರನೇ ತುಂಡು, 4.
ಒಳಗೆ ಆಗಲೇ ಕಾಲು ಚಾಚಿ ಕೂತದ್ದು:
ಫ್ರೈಶಿಯಾಲ್ ತೋಟ, ಮೂರನೇ ತುಂಡು, 4.

ಇಲ್ಲಿ ತೊಗಟೆ ಸುಲಿದ ಮೇಲೆ, ಕೆಂಪಗೆ ಬೆತ್ತಲಾದ ಬೊಡ್ಡೆಗೆ
ಬಿಳಿ ಬಣ್ಣದಲ್ಲಿ ಒಂದೇ ಅಂಕಿ ಬರೆಯುತ್ತಾರೆ,
ಆ ವರ್ಷದ ಕೊನೆಯ ಅಂಕಿ.
ಆಮೇಲೆ ಒಂಬತ್ತು ವರ್ಷ ಯಾರೂ ಮುಟ್ಟುವ ಹಾಗಿಲ್ಲ.
ಈ ತಂತ್ರಾಂಶ ಬರೆದ ಪುಣ್ಯಾತ್ಮ, ಅವನಾರೋ,
ಮರವನ್ನು ನೋಡಿಯೇ
ಕಾಲಮ್ಮಿನ ಅಗಲವನ್ನೂ ಒಂದಂಕಿಗೆ ಹೊಲಿದಿದ್ದಾನೆ.
ತಪ್ಪೆನ್ನಲಾರೆ. ಲೆಕ್ಕ ಹಾಕಿಯೇ ಇದ್ದಾನೆ:
ನಾಲ್ಕಾದ ಮೇಲೆ ಮೂರು, ಮೂರಾದ ಮೇಲೆ ಎರಡು,
ಒಂಬತ್ತೊಂಬತ್ತರ ಹೆಜ್ಜೆಯಲ್ಲಿ ಒಂದೊಂದೇ ಮೆಟ್ಟಿಲಿಳಿದು
ನಾಲ್ಕು ಅದೇ ಮರಕ್ಕೆ ಮರಳಲು ತೊಂಬತ್ತು ವರ್ಷ.
ಅಷ್ಟರಲ್ಲಿ ಅವನೂ ಇಲ್ಲ, ನಾನೂ ಇಲ್ಲ, ಈ ಸರ್ವರೂ ಇಲ್ಲ.

ಆದರೆ ಹದಿನಾಲ್ಕರ ನಾಲ್ಕು
ಇಪ್ಪತ್ತನಾಲ್ಕಕ್ಕೇ ಬಂದು ಬಾಗಿಲು ಬಡಿಯುತ್ತಿದೆ.

ಐದಕ್ಕೆ ಸುಲಿಯುವವರ ವ್ಯಾನು ಗೇಟಿನ ಬಳಿ ನಿಂತಿತು.
ಮೇಸ್ತ್ರಿ ಝೆಫೆರಿನೊ ಕಾಫಿಯ ಲೋಟ ಕೊಡಲಿಯ ಮೇಲಿಟ್ಟು
ನನ್ನ ಪ್ರಶ್ನೆಯನ್ನು ಎರಡು ಸಲ ಕೇಳಿಸಿಕೊಂಡ.
"ಮೂರನೇ ತುಂಡೇ? ಹೋದ ವರ್ಷ ಏಟು ಹಾಕಿ ನೋಡಿದೆ.
ಸದ್ದು ಸರಿಯಿರಲಿಲ್ಲ, ತೊಗಟೆ ಅಂಟಿಕೊಂಡಿತ್ತು.
ಬಿಡದ್ದನ್ನು ಎಳೆದರೆ ಮರದ ಒಳಚರ್ಮ ಕಿತ್ತು ಬರುತ್ತೆ.
ಇರಲಿ, ಇನ್ನೊಂದು ವರ್ಷ ಅಂದೆ."
ಯಾರಿಗೆ ಅಂದಿರಿ?
"ಧಣಿಗೆ. ಅವರೂ ಹೂಂ ಅಂದರು.
ಯಾಕೆ, ಕಂಪ್ಯೂಟರಿಗೂ ಹೇಳಬೇಕಿತ್ತೇ?"

ಕಾಲಮ್ಮನ್ನು ನಾಲ್ಕಂಕಿಗೆ ಅಗಲಿಸಿದೆ.
ಹಳೆಯ ಸಾಲುಗಳಿಗೆ ಶತಮಾನ ತುಂಬುತ್ತ ಬಂದವಳು
ಒಂದು 9ರ ಮುಂದೆ ನಿಂತುಬಿಟ್ಟೆ. ತೊಂಬತ್ತೊಂಬತ್ತೋ, ಸೊನ್ನೆ ಒಂಬತ್ತೋ?
ಧೂಳಿನ ಪ್ಯಾಂಟೆಂದು ಕುರ್ಚಿ ಬೇಡವೆಂದ ಝೆಫೆರಿನೊ
ನಿಂತೇ ಇಣುಕಿ, ಕಣ್ಣು ಮುಚ್ಚಿ,
"ಸೊನ್ನೆ ಒಂಬತ್ತು. ಆ ತುಂಡಿನಲ್ಲೇ ನನ್ನ ಹೆಬ್ಬೆರಳು ಹೋದದ್ದು" ಅಂದ.
ಇಷ್ಟು ವರ್ಷ ದಿನವೂ ಕೈ ಬೀಸುತ್ತಿದ್ದ;
ಎಡಗೈಯನ್ನು ನಾನು ನೋಡಿರಲೇ ಇಲ್ಲ.

ಆರೂ ಮುಕ್ಕಾಲಿಗೆ ಲಾರಿ ಹೋಯಿತು.
ಹಿಂದೆಯೇ ಲಿಸ್ಬನ್ನಿನಿಂದ ಫಾರಂ:
ನಿಮ್ಮ ದೂರು ಮುಗಿಯಿತೇ? ಕಾರಣ ಆರಿಸಿ.
ಜಾಲದ ದೋಷ. ಡಿಸ್ಕ್ ಭರ್ತಿ. ಬಳಕೆದಾರರ ತಪ್ಪು.
ಮರ ಇನ್ನೂ ಬಿಟ್ಟಿರಲಿಲ್ಲ ಎಂಬುದು ಪಟ್ಟಿಯಲ್ಲಿಲ್ಲ.
ಖಾಲಿ ಬಿಟ್ಟು ಕಳಿಸು ಒತ್ತಿದೆ.

ಕೆಂಪು ಸಾಲು:
ಈ ಜಾಗ ಖಾಲಿ ಇರುವಂತಿಲ್ಲ.